ಮ್ಯಾಂಡೊಲಿನ್‌ನಲ್ಲಿ ಪೈಪ್ ಮಟ್ಟುಗಳು: ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು

ಸ್ಕಾಟ್ಲೆಂಡಿನ ಹೈಲ್ಯಾಂಡ್ ಬ್ಯಾಗ್‌ಪೈಪ್‌ನಲ್ಲಿ ಮಟ್ಟು ನುಡಿಸುವ ಕೊಳವೆಗೆ ಇರುವುದು ಒಂಬತ್ತೇ ಸ್ವರ: ಕೆಳಗಿನ ಜಿ, ಎ, ಬಿ, ಸಿ ಶಾರ್ಪ್ (ಸಿಗಿಂತ ಅರ್ಧ ಸ್ವರ ಮೇಲೆ), ಡಿ, ಇ, ಎಫ್ ಶಾರ್ಪ್, ಮೇಲಿನ ಜಿ, ಮೇಲಿನ ಎ. ಜಿ–ಡಿ–ಎ–ಇ ಎಂದು ಶ್ರುತಿ ಮಾಡಿದ ಮ್ಯಾಂಡೊಲಿನ್‌ನಲ್ಲಿ ಇವೆಲ್ಲವೂ ಎಡಗೈ ಕದಲಿಸದೆಯೇ ಸಿಗುತ್ತವೆ. ಕೆಳಗಿನ ಜಿ ಮಾತ್ರ ಡಿ ತಂತಿಯ 5ನೇ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಲೋಹದ ಮೆಟ್ಟು) ಇದ್ದು, ಮಿಕ್ಕವು ಎ ಮತ್ತು ಇ ತಂತಿಗಳ ಮೇಲೆ ಬರುತ್ತವೆ.

ಆದರೂ ಹೊಸಬರು ಮೊದಲ ಸಾಲಿನಲ್ಲೇ ಎಡವುವುದುಂಟು. ಪೈಪ್ ಸಂಗೀತದ ಲಿಪಿಯಲ್ಲಿ ಶಾರ್ಪ್ ಚಿಹ್ನೆಗಳನ್ನು ಬರೆಯದೆ ಬಿಡುವ ರೂಢಿಯಿದೆ. ಪೈಪರ್‌ಗೆ ಅವುಗಳ ಅಗತ್ಯವಿಲ್ಲ, ಏಕೆಂದರೆ ಕೊಳವೆಯಲ್ಲಿ ಬೇರೆ ಸಿ, ಬೇರೆ ಎಫ್ ಇಲ್ಲವೇ ಇಲ್ಲ. ಅದನ್ನು ಕಂಡಂತೆಯೇ ಓದಿದ ಮ್ಯಾಂಡೊಲಿನ್ ವಾದಕರ ಕೈಯಲ್ಲಿ ಮಟ್ಟು ಇದ್ದಕ್ಕಿದ್ದಂತೆ ಶೋಕಗೀತೆಯಾಗಿಬಿಡುತ್ತದೆ. ಎ ಮೇಜರ್ ಎಂದು ಭಾವಿಸಿ ಜಿ ಶಾರ್ಪ್ ನುಡಿಸುವುದು ಇದಕ್ಕೆ ವಿರುದ್ಧ ದಿಕ್ಕಿನ ತಪ್ಪು. ಕರ್ನಾಟಕ ಸಂಗೀತ ಬಲ್ಲವರಿಗೆ ಒಂದೇ ಮಾತು ಸಾಕು: ಎ ಷಡ್ಜವೆಂದುಕೊಂಡರೆ ಇವು ಹರಿಕಾಂಭೋಜಿಯ ಸ್ವರಗಳು. ಹಲವು ಪೈಪ್‌ಗಳಲ್ಲಿ ಮೇಲಿನ ಜಿ ನಮ್ಮ ಫ್ರೆಟ್ ಕೊಡುವ ಸ್ವರಕ್ಕಿಂತ ತುಸು ತಗ್ಗಿಯೇ ಇರುತ್ತದೆ. ತಂತಿಯನ್ನು ಎಳೆದು ಸ್ವರವನ್ನು ಏರಿಸಬಹುದೇ ಹೊರತು ಇಳಿಸಲಾಗದು. ಆ ರುಚಿಯನ್ನು ಬಿಟ್ಟುಕೊಡಲೇಬೇಕು.

ನಿಜವಾದ ಕೆಲಸವಿರುವುದು ಗ್ರೇಸ್ ನೋಟ್‌ ಎಂಬ ಕ್ಷಣಮಾತ್ರದ ಚಿಮ್ಮು ಸ್ವರಗಳಲ್ಲಿ. ಚೀಲದ ಗಾಳಿ ನಿಲ್ಲದೆ ಹರಿಯುವುದರಿಂದ ಪೈಪರ್ ಒಂದೇ ಸ್ವರವನ್ನು ಎರಡು ಬಾರಿ ನುಡಿಸಬೇಕಾದರೆ ನಡುವೆ ಇನ್ನೊಂದು ಸ್ವರವನ್ನು ಕ್ಷಣಮಾತ್ರ ಚಿಮ್ಮಿಸಿ ಕತ್ತರಿಸಬೇಕು. ಜೋರು–ಮೆದು ಎಂಬುದೂ ಆ ವಾದ್ಯಕ್ಕಿಲ್ಲವಾದ್ದರಿಂದ ತಾಳದ ಪೆಟ್ಟನ್ನು ಕಿವಿಗೆ ಮುಟ್ಟಿಸುವ ಹೊಣೆಯೂ ಈ ಚಿಮ್ಮುಗಳದೇ. ಮ್ಯಾಂಡೊಲಿನ್‌ನ ಪಾಡು ತದ್ವಿರುದ್ಧ: ಪ್ರತಿ ಮೀಟಿಗೂ ಸ್ವರ ತಾನಾಗಿ ಬೇರ್ಪಡುತ್ತದೆ, ಒತ್ತು ಬಲಗೈಯಿಂದಲೇ ಸಿಗುತ್ತದೆ, ಉಳಿಯದಿರುವುದು ನಾದ ಮಾತ್ರ. ಆದ್ದರಿಂದ ಲಿಪಿಯಲ್ಲಿರುವ ಎಲ್ಲ ಗ್ರೇಸ್ ನೋಟ್‌ಗಳನ್ನೂ ತಂತಿಗೆ ಇಳಿಸುವ ಹಟವನ್ನು ನಾನು ಪ್ರೋತ್ಸಾಹಿಸುವುದಿಲ್ಲ. ಪೆಟ್ಟಿನ ಮೇಲೆ ಬೀಳುವವನ್ನು ಇಟ್ಟುಕೊಂಡು, ಸ್ವರಗಳನ್ನು ಬೇರ್ಪಡಿಸಲೆಂದಷ್ಟೇ ಇರುವವನ್ನು ಕೈಬಿಡುವುದು ಮೇಲು.

ಇಟ್ಟುಕೊಂಡವುಗಳಲ್ಲಿಯೂ ತಂತಿಯ ಅನುಕೂಲ ನೋಡಬೇಕು. ಪೈಪರ್ ಅತಿ ಹೆಚ್ಚಾಗಿ ಬಳಸುವುದು ಮೇಲಿನ ಜಿ ಗ್ರೇಸ್ ನೋಟ್. ಇ ತಂತಿಯ ಮೇಲೆ ಇದು ಯಥಾವತ್ತಾಗಿ ಬರುತ್ತದೆ: 3ನೇ ಫ್ರೆಟ್ ಒತ್ತಿ ಮೀಟಿ, ಬೆರಳನ್ನು ತಕ್ಷಣ ಪಕ್ಕಕ್ಕೆ ಕಿತ್ತರೆ ಬರಿತಂತಿಯ ಇ ನುಡಿಯುತ್ತದೆ. ಎ ತಂತಿಯ ಸ್ವರಗಳಿಗೆ ಇದೇ ಜಿ ಬೇಕೆಂದರೆ ತಂತಿ ದಾಟಬೇಕಾಗಿ ಚಿಮ್ಮು ಭಾರವಾಗುತ್ತದೆ; ಅಲ್ಲಿ ಅದೇ ತಂತಿಯ 5ನೇ ಫ್ರೆಟ್‌ನ ಡಿ ಬಳಸಿ ಎ, ಬಿ, ಸಿ ಶಾರ್ಪ್‌ಗಳಿಗೆ ಕೀಳುವುದು ಲೇಸು. ಪೈಪರ್‌ಗಳೂ ಕೆಳಗಿನ ಸ್ವರಗಳಿಗೆ ಡಿ ಗ್ರೇಸ್ ನೋಟ್ ಬಳಸುವುದರಿಂದ ಇದು ಹೊರಗಿನದೆನಿಸುವುದಿಲ್ಲ. ಎ–ಜಿ–ಎ–ಜಿ–ಎ ಎಂದು ಉರುಳುವ ಬರ್ಲ್ ಎಂಬ ಅಲಂಕಾರಕ್ಕೆ ಬರಿತಂತಿಯ ಎ ಒಗ್ಗದು. ಡಿ ತಂತಿಯ 7ನೇ ಫ್ರೆಟ್‌ನಲ್ಲಿ ಎ ಹಿಡಿದು, 5ನೇ ಫ್ರೆಟ್‌ನಲ್ಲಿ ತೋರುಬೆರಳನ್ನು ಮೊದಲೇ ಊರಿಟ್ಟು, ಒಂದೇ ಮೀಟಿನಲ್ಲಿ ಕಿತ್ತು–ಬಡಿದು ಮುಗಿಸಬೇಕು. ಜೋಡಿ ತಂತಿಗಳಾದ್ದರಿಂದ ಬೆರಳು ಎರಡನ್ನೂ ಸಮನಾಗಿ ಕೀಳದಿದ್ದರೆ ಗೊಗ್ಗರು ದನಿ ಬರುತ್ತದೆ. ಇಷ್ಟೆಲ್ಲ ಬೇಡವೆನ್ನುವವರು ಬರಿತಂತಿಯ ಮೇಲೆ ಕೆಳಗೆ–ಮೇಲೆ–ಕೆಳಗೆ ಎಂದು ವೇಗದ ಮೂರು ಮೀಟು ಹಾಕಿದರೂ ರೀಲ್ ಎಂಬ ವೇಗದ ಕುಣಿತದ ಮಟ್ಟಿನ ಓಟದಲ್ಲಿ ಸಾಕು.

ಪೈಪ್‌ನ ಮೂರು ಶ್ರುತಿಕೊಳವೆಗಳೂ ಎ ಸ್ವರವನ್ನೇ ಹಿಡಿದಿರುತ್ತವೆ. ಜಿ ತಂತಿಗಳನ್ನು ಎ ತನಕ ಬಿಗಿದು, ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಅವನ್ನು ಒಮ್ಮೆ ಮೀಟಿದರೆ ಅದರ ನೆರಳು ಸಿಗುತ್ತದೆ. ಮಟ್ಟು ಜಿ ಕಡೆಗೆ ವಾಲಿದಾಗ ಜೊತೆಗೆ ನುಡಿಸುವ ಗಿಟಾರ್‌ನವರು ಜಿ ಕಾರ್ಡ್‌ಗೆ (ಜಿ ಆಧಾರದ ಸ್ವರಗುಚ್ಛಕ್ಕೆ) ಹೊರಳುತ್ತಾರೆ. ಆಗಲೂ ಎ ಬಿಡದೆ ಉಜ್ಜಾಟವನ್ನು ಕೇಳಿಸುವುದೇ ನನಗೆ ಇಷ್ಟ. ನಿಧಾನಗತಿಯ ಮಟ್ಟುಗಳಿಗೆ ಟ್ರೆಮೊಲೊ (ಒಂದೇ ಸ್ವರವನ್ನು ಬಿಡದೆ ವೇಗವಾಗಿ ಮೀಟುವುದು) ಹಾಕಿದರೆ ಇಟಲಿಯ ವಾಸನೆ ಬರುವುದರಿಂದ, ನಾದ ಹೆಚ್ಚು ಹೊತ್ತು ನಿಲ್ಲುವ ಆಕ್ಟೇವ್ ಮ್ಯಾಂಡೊಲಿನ್ ಅಥವಾ ಬುಜೂಕಿಯಂಥ ಉದ್ದ ಕತ್ತಿನ ತಂತಿವಾದ್ಯ ಒಳ್ಳೆಯದು.

ಪೈಪರ್ ಜೊತೆಗೇ ಕೂತು ನುಡಿಸುವ ಆಸೆಯಿದ್ದರೆ ಇನ್ನೊಂದು ತೊಡಕಿದೆ. ಲಿಪಿಯ ಎ ಇಂದಿನ ಹೈಲ್ಯಾಂಡ್ ಪೈಪ್‌ನಲ್ಲಿ ಬಿ ಫ್ಲ್ಯಾಟ್‌ಗಿಂತಲೂ (ಎಗಿಂತ ಅರ್ಧ ಸ್ವರ ಮೇಲಿನದು) ಮೇಲೆ, ಸುಮಾರು 470ರಿಂದ 480 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಮೊದಲ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಹಿಡಿಕೆ) ಹಾಕಿದ ಮೇಲೂ ತಂತಿಗಳನ್ನು ಬಿಗಿಯಬೇಕಾಗುತ್ತದೆ, ತೆಳುವಾದ ಇ ತಂತಿ ಅದಕ್ಕೆ ಸದಾ ಒಪ್ಪುವುದಿಲ್ಲ; ಹೇಗೂ ಆ ಗದ್ದಲದಲ್ಲಿ ಮ್ಯಾಂಡೊಲಿನ್ ಕೇಳಿಸದು. ಒಳಾಂಗಣಕ್ಕೆಂದೇ ಮೆದುವಾಗಿ ನುಡಿಯುವ, 440ರ ಎಗೆ ಕೂಡಿಸಿದ ಸ್ಕಾಟಿಷ್ ಸ್ಮಾಲ್‌ಪೈಪ್ ಇರುವವರನ್ನು ಹುಡುಕಿಕೊಳ್ಳಿ.