ಶಾಲೆ ಕಟ್ಟಡದ ದುಡ್ಡು ಯಾವ ದಾರಿಯಲ್ಲಿ ಬರುತ್ತದೆ?

ಸರ್ಕಾರಿ ಶಾಲೆ ಸೋರಿದಾಗ ಒಬ್ಬರು ದಿಲ್ಲಿಯಿಂದ ದುಡ್ಡೇ ಬಂದಿಲ್ಲ ಅನ್ನುತ್ತಾರೆ. ಬಂದಿದೆ, ಬೆಂಗಳೂರಲ್ಲಿ ನಿಂತಿದೆ ಅನ್ನುತ್ತಾರೆ ಇನ್ನೊಬ್ಬರು. ಎರಡೂ ಸ್ವಲ್ಪ ಸ್ವಲ್ಪ ನಿಜ ಇರಬಹುದು. ಯಾಕೆಂದರೆ ದುಡ್ಡು ಬರುವ ದಾರಿಯೇ ಮತ್ತೆ ಮತ್ತೆ ಬದಲಾಗಿದೆ.

1976ರವರೆಗೆ ಶಾಲೆ ರಾಜ್ಯದ ಪಾಲಿನ ವಿಷಯ. ಆ ವರ್ಷ ಅದು ಸಮವರ್ತಿ ಪಟ್ಟಿಗೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಗೆ ಹೋಯಿತು. 1987ರಲ್ಲಿ ಶುರುವಾದ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಪ್ರತಿ ಶಾಲೆಗೆ ಎರಡು ಕೋಣೆ, ಇಬ್ಬರು ಶಿಕ್ಷಕರು ಎಂದಿತು. ಕೋಣೆಯ ದುಡ್ಡನ್ನು ಮಾತ್ರ ಗ್ರಾಮೀಣ ಉದ್ಯೋಗ ಯೋಜನೆಗಳಿಂದ ಹೊಂದಿಸಿಕೊಳ್ಳಬೇಕಿತ್ತು.

ನಿಜವಾದ ಬದಲಾವಣೆ ಸರ್ವ ಶಿಕ್ಷಣ ಅಭಿಯಾನದ ಕಾಲದ್ದು; ಅದು ಎಲ್ಲ ಮಕ್ಕಳನ್ನೂ ಶಾಲೆಗೆ ತರಲು ಕೇಂದ್ರ, ರಾಜ್ಯ ಸೇರಿ ದುಡ್ಡು ಹಾಕಿದ ಯೋಜನೆ. ಕೇಂದ್ರದ ಪಾಲು ರಾಜ್ಯದ ಖಜಾನೆಗೆ ಹೋಗದೆ ನೇರವಾಗಿ, ರಾಜ್ಯದಲ್ಲಿ ಅಭಿಯಾನ ನಡೆಸುತ್ತಿದ್ದ ಸೊಸೈಟಿಯ ಖಾತೆಗೆ ಬೀಳುತ್ತಿತ್ತು. ಕಟ್ಟಡಕ್ಕೆ ಒಟ್ಟು ಯೋಜನೆಯ ಶೇ 33 ದಾಟುವಂತಿರಲಿಲ್ಲ. ಗುತ್ತಿಗೆದಾರರಿಗೆ ಕೊಡದೆ ಊರವರೇ ಕಟ್ಟಿಸಬೇಕೆಂಬುದು ನಿಯಮ. ನಮ್ಮ ಕರ್ನಾಟಕದಲ್ಲಿ 2001ರಲ್ಲಿ ಎಸ್‌ಡಿಎಂಸಿಗಳು, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದಿದ್ದವು, ಕೆಲಸ ಅವುಗಳ ಹೆಗಲಿಗೆ ಬಿತ್ತು. ಹೆಡ್‌ಮಾಸ್ಟರ್ ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಜಂಟಿ ಖಾತೆ, ಕಂತು ಕಂತಾಗಿ ದುಡ್ಡು. ಬೆಳಿಗ್ಗೆ ಗಣಿತ ಹೇಳಿಕೊಟ್ಟ ಮೇಷ್ಟ್ರು ಮಧ್ಯಾಹ್ನ ಮರಳು, ಜಲ್ಲಿಯ ಲೆಕ್ಕ ಬರೆಯುತ್ತಿದ್ದರು. ಪಾಯ ಮುಗಿದು ಎಂಜಿನಿಯರ್ ಅಳತೆ ಬರೆಯುವವರೆಗೆ ಮುಂದಿನ ಕಂತು ಇಲ್ಲ. ಅಷ್ಟರಲ್ಲಿ ಸಿಮೆಂಟ್ ರೇಟು ಏರಿದರೆ? ಅಂಗಡಿಯವನ ಹತ್ತಿರ ಸಾಲ, ಇನ್ನೇನು. ಪಾಠ ಕೆಟ್ಟಿತು ಎಂಬ ದೂರು ಸುಳ್ಳಲ್ಲ. ಆದರೆ ಒಂದು ಮೂಟೆ ಸಿಮೆಂಟ್ ಕಮ್ಮಿಯಾದರೂ ಊರಲ್ಲಿ ಕೇಳುವವರಿದ್ದರು. ಈಗ ಅಷ್ಟು ಹತ್ತಿರದಿಂದ ನೋಡುವವರು ಯಾರು?

ಆಮೇಲಿನದು ಬೇಗ ಬೇಗ ನಡೆಯಿತು. ಅಭಿಯಾನದ ಶುರುವಿನಲ್ಲಿ ಕೇಂದ್ರದ ಪಾಲು ಶೇ 85 ಇತ್ತು. ಇಳಿಯುತ್ತಾ ಬಂತು, ಶಿಕ್ಷಣ ಹಕ್ಕು ಕಾಯ್ದೆ ಬಂದಾಗ 65ಕ್ಕೆ ನಿಂತಿತು, 2015–16ರಿಂದ ನಮ್ಮಂಥ ರಾಜ್ಯಗಳಿಗೆ 60 ಆಯಿತು. ಕಾಯ್ದೆ ಕಟ್ಟಡ, ಶೌಚಾಲಯಗಳಿಗೆ ಕೊಟ್ಟಿದ್ದ ಗಡುವು 2013ರ ಮಾರ್ಚಿಗೇ ಮುಗಿದಿತ್ತು. 2014ರಿಂದ ಕೇಂದ್ರದ ದುಡ್ಡು ಮೊದಲು ರಾಜ್ಯದ ಖಜಾನೆಗೆ ಬರತೊಡಗಿತು. ಅಲ್ಲಿಂದ ಬಿಡುಗಡೆಗೆ ಇನ್ನೊಂದು ಆದೇಶ ಬೇಕು, ರಾಜ್ಯದ ಪಾಲೂ ಸೇರಬೇಕು. ಕೆಲವು ಸಲ ದುಡ್ಡು ಶಾಲೆ ಮುಟ್ಟುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ, ಖರ್ಚು ತೋರಿಸುವ ಗಡಿಬಿಡಿ ಶುರುವಾಗುತ್ತದೆ.

2018ರಲ್ಲಿ ಈ ಅಭಿಯಾನವೂ ಶಾಲೆಗಳ ಬೇರೆ ಕೇಂದ್ರ ಯೋಜನೆಗಳೂ ಸೇರಿ 'ಸಮಗ್ರ ಶಿಕ್ಷಣ' ಎಂಬ ಒಂದೇ ಯೋಜನೆಯಾಯಿತು. ಶಾಲಾ ಅನುದಾನಕ್ಕೆ ಮಕ್ಕಳ ಸಂಖ್ಯೆಯೇ ಲೆಕ್ಕ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, ಸಾವಿರ ದಾಟಿದರೆ 1 ಲಕ್ಷ. ಮಲೆನಾಡಿನ ಇಪ್ಪತ್ತು ಮಕ್ಕಳ ಹೆಂಚಿನ ಶಾಲೆ ಸೀಮೆಸುಣ್ಣ, ನಲ್ಲಿ, ಹೆಂಚು ಎಲ್ಲವನ್ನೂ ಆ ಹತ್ತು ಸಾವಿರದಲ್ಲೇ ನೋಡಿಕೊಳ್ಳಬೇಕು. 2021ರಿಂದ ರಾಜ್ಯಕ್ಕೆ ಒಂದೇ ಮುಖ್ಯ ಖಾತೆ, ಕೆಳಗಿನವರದು ಶೂನ್ಯ ಬ್ಯಾಲೆನ್ಸ್ ಖಾತೆ, ಅಂದರೆ ಅದರಲ್ಲಿ ದುಡ್ಡು ಉಳಿಯುವುದಿಲ್ಲ, ಖರ್ಚಿಗೆ ಬೇಕಾದಾಗ ಮುಖ್ಯ ಖಾತೆಯಿಂದ ಬರುತ್ತದೆ. ದುಡ್ಡು ಸುಮ್ನೆ ಬ್ಯಾಂಕಿನಲ್ಲಿ ಕೂರುವುದು ತಪ್ಪಿತು, ಒಳ್ಳೆಯದೇ. ಮುರಿದ ಬಾಗಿಲಿಗೆಂದು ನಾಲ್ಕು ಕಾಸು ಉಳಿಸಿಡುವುದೂ ತಪ್ಪಿತು.

ಈಚಿನ ಜಗಳ ಇನ್ನೂ ಮೇಲಿನದು. ಆಯ್ದ ಶಾಲೆಗಳನ್ನು ಮಾದರಿ ಶಾಲೆ ಮಾಡುವ ಕೇಂದ್ರದ ಪಿಎಂ ಶ್ರೀ ಯೋಜನೆಯ ಒಪ್ಪಂದಕ್ಕೆ ಸಹಿ ಹಾಕದ ತಮಿಳುನಾಡಿಗೆ ಸಮಗ್ರ ಶಿಕ್ಷಣದ ಕೇಂದ್ರದ ಪಾಲೂ ನಿಂತುಹೋಯಿತು. ಆ ರಾಜ್ಯ 2025ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.