ತೇಗದ ಬಾಗಿಲು ಬೂದಿ ಬಣ್ಣಕ್ಕೆ ತಿರುಗಿದರೆ ಮೇಲೊಂದು ಕೋಟ್ ಸಾಕೇ?

ಪ್ರಶ್ನೆ: ನಮ್ಮ ಮುಂಬಾಗಿಲು ತೇಗದ್ದು, ಪಶ್ಚಿಮಕ್ಕಿದೆ. ಕೆಳಭಾಗ ಬೂದಿ ಬಣ್ಣವಾಗಿ ಪಾಲಿಶ್ ಹಕ್ಕಳೆ ಏಳುತ್ತಿದೆ. ಸ್ವಲ್ಪ ಉಜ್ಜಿ ಮೇಲೊಂದು ಕೋಟ್ ಹೊಡೆಸಿದರೆ ಸಾಕೇ?

ಸಾಲದು. ಬಿಸಿಲಿನ ಅತಿನೇರಳೆ ಕಿರಣಗಳು ಮರದ ನಾರನ್ನು ಬಿಗಿಹಿಡಿದ ಲಿಗ್ನಿನ್ ಅನ್ನು ಒಡೆಯುತ್ತವೆ, ಮಳೆ ಅದನ್ನು ತೊಳೆದೊಯ್ಯುತ್ತದೆ. ಉಳಿಯುವುದು ಬೂದಿ ಬಣ್ಣದ ಸಡಿಲ ನಾರು. ಹೊಸ ಪಾಲಿಶ್ ಅಂಟುವುದು ಈ ಸತ್ತ ಪದರಕ್ಕೆ, ಮರಕ್ಕಲ್ಲ. ಹಾಗಾಗಿ ಎರಡೂ ಒಟ್ಟಿಗೇ ಕಿತ್ತು ಬರುತ್ತವೆ. ಹೊಳಪು ಮಾತ್ರ ಹೋಗಿದ್ದು, ಗಟ್ಟಿಯಾಗಿ ಅಂಟಿಸಿ ಕಿತ್ತ ಟೇಪಿಗೆ ಏನೂ ಬಾರದಿದ್ದರೆ ಆಗ 220 ನಂಬರ್ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ ಒಂದು ಕೋಟ್ ಹೊಡೆಸಬಹುದು.

ನಿಮ್ಮ ಬಾಗಿಲಿಗೆ ಹಳೆಯದನ್ನೆಲ್ಲ ತೆಗೆಯಲೇಬೇಕು. ಡಿಸೆಂಬರ್‌ನಿಂದ ಮಾರ್ಚ್ ಒಳಗೆ, ಮರ ಒಣಗಿರುವಾಗ ಕೆಲಸ ಹಿಡಿಯಿರಿ. ಬಾಗಿಲು ಕಳಚಿ ಮಲಗಿಸುವುದು ಒಳ್ಳೆಯದು. ಯಾಕೆಂದು ಮುಂದೆ ಹೇಳುತ್ತೇವೆ. ಹಳೆ ಪಾಲಿಶ್ ಸಡಿಲಿಸುವ ರಿಮೂವರ್ ಹಚ್ಚಿ, ಉಬ್ಬಿದ ಪದರವನ್ನು ಸ್ಕ್ರೇಪರ್‌ನಿಂದ ಎತ್ತಿ, ಥಿನ್ನರ್ ಬಟ್ಟೆಯಿಂದ ಒರೆಸಿ. ಬಳಿಕ 80 ನಂಬರ್ ಉಪ್ಪುಕಾಗದದಲ್ಲಿ ಮರದ ಎಳೆಯ ದಿಕ್ಕಿನಲ್ಲೇ, ಜೇನು ಬಣ್ಣ ಕಾಣುವ ತನಕ ಉಜ್ಜಿ. ಅಡ್ಡ ಉಜ್ಜಿದ ಗೀರು ಪಾಲಿಶ್ ಬಿದ್ದ ಮೇಲೆಯೇ ಎದ್ದು ಕಾಣುವುದು. ವೆನೀರ್ ಬಾಗಿಲಾದರೆ 80 ನಂಬರ್ ಮುಟ್ಟಬೇಡಿ, ಅರ್ಧ ಮಿ.ಮೀ. ಪದರ ಸವೆದು ಪ್ಲೈವುಡ್ ಇಣುಕುತ್ತದೆ.

ಮೊಳೆ, ಚಿಲಕದ ಸುತ್ತ ಕಪ್ಪು ಕಲೆ ಇದ್ದರೆ ಅದು ಕಬ್ಬಿಣ ಮತ್ತು ಮರದ ಟ್ಯಾನಿನ್ ಸೇರಿ ಆದದ್ದು, ಉಜ್ಜಿದರೆ ಹೋಗದು. ಪ್ಲಾಸ್ಟಿಕ್ ಪಾತ್ರೆಯಲ್ಲಿ 1 ಲೀಟರ್ ಬಿಸಿನೀರಿಗೆ 100 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಹಚ್ಚಿ, 20 ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಇದು ವಿಷ: ಕೈಗವಸು ಬೇಕು, ಒಣಗಿದ ಪುಡಿ ಮೂಗಿಗೆ ಹೋಗಬಾರದು. ಎರಡು ಮೂರು ದಿನ ನೆರಳಲ್ಲಿ ಒಣಗಿಸಿ, 120, ಆಮೇಲೆ 180 ನಂಬರ್‌ನಲ್ಲಿ ಮುಗಿಸಿ. ಅದಕ್ಕಿಂತ ನುಣುಪು ಮಾಡಿದರೆ ಪಾಲಿಶ್‌ಗೆ ಹಿಡಿತ ಸಿಗದು.

ತೇಗದಲ್ಲಿ ಎಣ್ಣೆಯಂಶ ಹೆಚ್ಚು. ಕೋಟ್ ಹೊಡೆಯುವ ಮುಂಚೆ ಥಿನ್ನರ್‌ನಿಂದ ಒರೆಸದಿದ್ದರೆ ಪಿಯು (ಪಾಲಿಯುರೆಥೇನ್) ಪಾಲಿಶ್ ಸರಿಯಾಗಿ ಒಣಗುವುದೂ ಇಲ್ಲ, ಅಂಟುವುದೂ ಇಲ್ಲ.

ಅರಗಿನ ಫ್ರೆಂಚ್ ಪಾಲಿಶ್ ನೀರು ತಾಗಿದರೆ ಬೆಳ್ಳಗಾಗುತ್ತದೆ, ಮೆಲಮೈನ್ ಪಾಲಿಶ್ ಒಳಮನೆಗೆ ಸರಿ. ಹೊರಗಿನ ಬಾಗಿಲಿಗೆ ‘ಎಕ್ಸ್‌ಟೀರಿಯರ್’ ಎಂದು ಡಬ್ಬದ ಮೇಲಿರುವ ಪಿಯು ಕೇಳಿ ತನ್ನಿ. ಅಗಸೆ ಎಣ್ಣೆ ಸಾಕು ಅನ್ನುವವರಿದ್ದಾರೆ. ಮಲೆನಾಡಿನ ತೇವದಲ್ಲಿ ಅದರ ಮೇಲೆ ಕಪ್ಪು ಬೂಷ್ಟು ಹಿಡಿಯುತ್ತದೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿಟ್ಟರೆ ತಾನಾಗಿ ಬೆಂಕಿ ಹೊತ್ತಿಕೊಳ್ಳುವುದೂ ಉಂಟು.

ಮೊದಲ ಕೋಟ್‌ಗೆ ಹತ್ತರಲ್ಲೊಂದು ಪಾಲು ಥಿನ್ನರ್ ಬೆರೆಸಿ, ಅದು ಒಳಗಿಳಿಯಬೇಕು. ಆಮೇಲೆ ಎರಡು ಕೋಟ್. ನಡುವೆ ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಕಾದು, 320 ನಂಬರ್‌ನಲ್ಲಿ ಸವರಿ, ಧೂಳು ಒರೆಸಿ. 7 ಅಡಿ, 3½ ಅಡಿ ಬಾಗಿಲಿನ ಹೊರಮುಖಕ್ಕೆ ಮೂರು ಕೋಟ್‌ಗೆ ಹೆಚ್ಚುಕಡಿಮೆ 1 ಲೀಟರ್ ಬೇಕಾದೀತು.

ಬಾಗಿಲು ಕಳಚಿ ಎಂದದ್ದು ಅದರ ಅಡಿಯಂಚಿಗಾಗಿ. ಬಾಗಿಲಿನ ಎರಡು ಬದಿಯ ಉದ್ದ ಮರದ ಪಟ್ಟಿಗಳ ಕೊಯ್ದ ತುದಿ ಅಲ್ಲಿ ನೇರ ನೀರು ಹೀರುತ್ತದೆ. ಹೊಸಿಲು ತೊಳೆದಾಗಲೆಲ್ಲ ಒದ್ದೆಯಾಗುವುದೂ ಅದೇ ಜಾಗ. ಬಾಗಿಲು ನಿಂತಲ್ಲೇ ಪಾಲಿಶ್ ಮಾಡುವವರು ಅದನ್ನು ಮುಟ್ಟುವುದೇ ಇಲ್ಲ, ಹಕ್ಕಳೆ ಕೆಳಗಿನಿಂದ ಶುರುವಾಗುವುದಕ್ಕೆ ಬಹುಪಾಲು ಇದೇ ಕಾರಣ. ಅಡಿಗೂ ನೆತ್ತಿಗೂ ಮೂರು ಕೋಟ್ ಕುಡಿಸಿ.

ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಕೆಳಭಾಗಕ್ಕೆ ನೀರು ಚಿಮುಕಿಸಿ ನೋಡಿ. ಹನಿಯಾಗಿ ನಿಂತರೆ ಸರಿ. ಮರ ಹೀರಿ ಕಪ್ಪಾದರೆ, ಹಕ್ಕಳೆ ಏಳುವ ಮುಂಚೆಯೇ ಒಂದು ಕೋಟ್ ಕೊಡಿ.