ಅತಿ ಹೆಚ್ಚು ಪ್ರಭಾವ ಬೀರಿದ ರಾಕ್ ಬ್ಯಾಂಡ್ ಯಾವುದು?

ಓದುಗರ ಪ್ರಶ್ನೆ: ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಲೆಡ್ ಜೆಪ್ಲಿನ್, ಪಿಂಕ್ ಫ್ಲಾಯ್ಡ್, ಕ್ವೀನ್. ನಾವು ಗೆಳೆಯರು ಸೇರಿದಾಗಲೆಲ್ಲ ಈ ವಾದ ಎದ್ದೇ ಏಳುತ್ತದೆ, ಬಗೆಹರಿಯುವುದಿಲ್ಲ. ಜನಪ್ರಿಯ ಸಂಗೀತವನ್ನು ನಿಜವಾಗಿ ಬದಲಿಸಿದವರು ಇವರಲ್ಲಿ ಯಾರು? ಒಂದೇ ಹೆಸರು ಹೇಳಿ.

ಒಂದೇ ಹೆಸರು ಎಂದರೆ ಬೀಟಲ್ಸ್. ಆದರೆ ಸಾಮಾನ್ಯವಾಗಿ ಎಲ್ಲರೂ ಕೊಡುವ ಕಾರಣಕ್ಕಲ್ಲ. 1964ರ ಫೆಬ್ರವರಿ 9ರಂದು ಅವರು ಅಮೆರಿಕದ ಎಡ್ ಸಲಿವನ್ ಟೀವಿ ಕಾರ್ಯಕ್ರಮದಲ್ಲಿ ಹಾಡಿದಾಗ ಸುಮಾರು 7.3 ಕೋಟಿ ಜನ ನೋಡಿದರು ಎಂಬುದನ್ನು ಈ ವಾದದಲ್ಲಿ ಯಾರಾದರೊಬ್ಬರು ತಂದೇ ತರುತ್ತಾರೆ. ಅದು ಜನಪ್ರಿಯತೆಯ ಲೆಕ್ಕ. ಪ್ರಭಾವದ ಲೆಕ್ಕ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದರಿಂದಲೇ ನಿಮ್ಮ ವಾದ ಬಗೆಹರಿಯುತ್ತಿಲ್ಲ ಎನಿಸುತ್ತದೆ.

ನಮ್ಮ ಅಡುಗೆಮನೆಯ ಮೆಣಸಿನಕಾಯಿಯನ್ನೇ ನೋಡಿ. ಅದು ಅಮೆರಿಕ ಖಂಡದ ಬೆಳೆ, ಪೋರ್ಚುಗೀಸರ ಹಡಗುಗಳಲ್ಲಿ ಈ ಕಡೆಗೆ ಬಂತು. ಇವತ್ತು ಬ್ಯಾಡಗಿ ಮೆಣಸಿನಕಾಯಿ ಹುರಿದು ಸಾರಿನ ಪುಡಿ ಮಾಡುವಾಗ ಯಾರಿಗೂ ಪೋರ್ಚುಗೀಸರ ನೆನಪಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಪ್ರಭಾವ ಎಂದು ನಾನು ಕರೆಯುವುದು ಇದನ್ನು. ಒಂದು ಬ್ಯಾಂಡಿನ ಒಂದು ಹಾಡನ್ನೂ ಕೇಳದವರ ಕೈಕೆಲಸದಲ್ಲೂ ಆ ಬ್ಯಾಂಡಿನ ಪದ್ಧತಿ ಉಳಿದಿದೆಯೇ? ಆ ಬ್ಯಾಂಡನ್ನು ಚರಿತ್ರೆಯಿಂದ ಎತ್ತಿಬಿಟ್ಟರೆ ಇವತ್ತಿನ ಹಾಡಿನಲ್ಲಿ ಏನು ಕಾಣೆಯಾಗುತ್ತದೆ?

ಈ ಅಳತೆಗೋಲು ಹಿಡಿದ ಕೂಡಲೇ ಪಟ್ಟಿ ಅದಲುಬದಲಾಗುತ್ತದೆ. ಪಿಂಕ್ ಫ್ಲಾಯ್ಡ್‌ನ 1973ರ ಆಲ್ಬಮ್, ಕಪ್ಪು ಹೊದಿಕೆಯ ಮೇಲೆ ತ್ರಿಕೋನದ ಗಾಜಿರುವುದು, ಅಮೆರಿಕದ ಜನಪ್ರಿಯ ಆಲ್ಬಮ್ಮುಗಳ ಪಟ್ಟಿಯಲ್ಲಿ 700 ವಾರಗಳಿಗೂ ಹೆಚ್ಚು ಕಾಲ ಇತ್ತು. ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್‌ನ ಮೊದಲ ಆಲ್ಬಮ್ 1967ರಲ್ಲಿ ಬಂತು. ಹೊದಿಕೆಗೆ ಚಿತ್ರಕಲಾವಿದ ಆ್ಯಂಡಿ ವಾರ್ಹಾಲ್ ಬಿಡಿಸಿದ ಬಾಳೆಹಣ್ಣು. ಆಗ ಅದನ್ನು ಕೊಂಡವರು ಬಹಳ ಕಡಿಮೆ. ಆದರೆ ಕೊಂಡವರೆಲ್ಲ ತಾವೇ ಒಂದೊಂದು ಬ್ಯಾಂಡ್ ಕಟ್ಟಿದರು ಎಂಬರ್ಥದ ಮಾತನ್ನು ಸಂಗೀತಗಾರ ಬ್ರಯಾನ್ ಈನೋ ಹೇಳಿದ್ದು ಪ್ರಸಿದ್ಧ. ಪಂಕ್, ಆಮೇಲಿನ ಇಂಡಿ ರಾಕ್, ಒರಟು ದನಿಯೇ ಸರಿ ಎನ್ನುವ ಧೈರ್ಯ, ಇವೆಲ್ಲ ಆ ಮನೆಯಿಂದ ಹೊರಟವು. ಪಿಂಕ್ ಫ್ಲಾಯ್ಡ್ ನನಗೆ ಹೆಚ್ಚು ಪ್ರಿಯ. ಪ್ರಭಾವದ ಮಾತು ಬಂದರೆ ಮಾತ್ರ ಬಾಳೆಹಣ್ಣಿನ ಕಡೆಗೇ ನನ್ನ ಮತ.

ಇಲ್ಲಿ ಕನ್ನಡದ ಕೇಳುಗರಿಗೆ ಹತ್ತಿರದ ಒಂದು ಎಳೆ ಇದೆ. ವೆಲ್ವೆಟ್ ಅಂಡರ್‌ಗ್ರೌಂಡ್‌ನ ಜಾನ್ ಕೇಲ್ ವಯೋಲಾದಲ್ಲಿ ಒಂದೇ ಸ್ವರವನ್ನು ಎಳೆದು ಹಿಡಿಯುತ್ತಿದ್ದ. ಅದನ್ನು ಕಲಿತದ್ದು ಲಾ ಮಾಂಟ್ ಯಂಗ್ ಎಂಬ ಸಂಗೀತಗಾರನ ಗುಂಪಿನಲ್ಲಿ. ಯಂಗ್‌ಗೆ ತಂಬೂರಿಯ ನಾದದ ಹುಚ್ಚು ಹತ್ತಿದ್ದು ಹಿಂದೂಸ್ತಾನಿ ಸಂಗೀತದ ರೆಕಾರ್ಡುಗಳಿಂದ. ಮುಂದೆ 1970ರಲ್ಲಿ ಅವನು ಪಂಡಿತ್ ಪ್ರಾಣನಾಥರ ಶಿಷ್ಯನಾದ. ಪ್ರಾಣನಾಥರದು ಕಿರಾನಾ ಘರಾನೆ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಅದೇ ಕಿರಾನಾ. ಧಾರವಾಡದ ಕಡೆ ಸಂಗೀತದ ಮಾತು ಬಂದರೆ ಇವರ ಗುರು ಯಾರು, ಆ ಗುರುವಿನ ಗುರು ಯಾರು ಎಂದು ಕೇಳದೆ ಬಿಡುವುದಿಲ್ಲವಲ್ಲ, ರಾಕ್ ಸಂಗೀತಕ್ಕೂ ಅದೇ ಪ್ರಶ್ನೆ ಕೇಳಬೇಕು.

ಈಗ ಬೀಟಲ್ಸ್‌ಗೆ ಬರುತ್ತೇನೆ. ಅವರಿಗೆ ಮೊದಲು ಹಾಡು ಬರೆಯುವವರು ಒಬ್ಬರು, ಹಾಡುವವರು ಇನ್ನೊಬ್ಬರು ಎಂಬುದೇ ಉದ್ಯಮದ ರೂಢಿ. ಚಕ್ ಬೆರಿ, ಬಡ್ಡಿ ಹಾಲಿ ತಮ್ಮ ಹಾಡು ತಾವೇ ಬರೆಯುತ್ತಿದ್ದರು, ನಿಜ. ಲಿವರ್‌ಪೂಲಿನ ಈ ನಾಲ್ವರು ಅದನ್ನು ಅಪವಾದದಿಂದ ನಿಯಮ ಮಾಡಿದರು. 1963ರ ಮೊದಲ ಆಲ್ಬಮ್ಮಿನ 14 ಹಾಡುಗಳಲ್ಲಿ 8 ಅವರವೇ. ಬ್ಯಾಂಡ್ ಎಂದಮೇಲೆ ಸ್ವಂತ ಹಾಡು ಇರಲೇಬೇಕು ಎಂಬ ನಿರೀಕ್ಷೆ ಅಲ್ಲಿಂದಾಚೆಗೆ ಗಟ್ಟಿಯಾಯಿತು. ಇದು ಮೊದಲನೆಯದು.

ಎರಡನೆಯದು ಇನ್ನೂ ದೊಡ್ಡದು. ಆ ಆಲ್ಬಮ್ಮಿನ 10 ಹಾಡುಗಳನ್ನು ಅವರು 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ ಹಾಡಿ ಮುಗಿಸಿದ್ದರು. ವೇದಿಕೆಯಲ್ಲಿ ಹೇಗೋ ಸ್ಟುಡಿಯೋದಲ್ಲೂ ಹಾಗೆ. ಮೂರು ವರ್ಷ ಕಳೆದು, 1966ರ ಏಪ್ರಿಲ್ 6ರಂದು, ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಅವರು ಶುರುಮಾಡಿದ ‘ಟುಮಾರೊ ನೆವರ್ ನೋಸ್’ ಹಾಡು ಬೇರೆಯದೇ ಲೋಕದ್ದು. ಬಹುತೇಕ ಒಂದೇ ಶ್ರುತಿಯ ಮೇಲೆ ನಿಂತ ಹಾಡು, ಕೆಳಗೆ ತಂಬೂರಿ. ತಾನು ಬೆಟ್ಟದ ತುದಿಯಿಂದ ಹಾಡುವ ದಲೈ ಲಾಮಾನಂತೆ ಕೇಳಿಸಬೇಕು ಎಂದು ಜಾನ್ ಲೆನನ್ ಕೇಳಿದ. ಜೆಫ್ ಎಮರಿಕ್ ಎಂಬ 20 ವರ್ಷದ ಎಂಜಿನಿಯರ್ ಅವನ ದನಿಯನ್ನು ಆರ್ಗನ್‌ಗೆ ಜೋಡಿಸುವ, ಗಿರ್ರನೆ ತಿರುಗುವ ಲೆಸ್ಲಿ ಸ್ಪೀಕರ್‌ನೊಳಗೆ ಹಾಯಿಸಿದ. ರಿಂಗೋನ ದೊಡ್ಡ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿ, ಮೈಕನ್ನು ನಿಯಮ ಮೀರಿ ಹತ್ತಿರಕ್ಕೆ ತಂದ. ಮರುದಿನ ಬಂದದ್ದು ಟೇಪಿನ ಕುಣಿಕೆಗಳು. ಶಬ್ದವನ್ನು ಟೇಪಿನಲ್ಲಿ ಹಿಡಿದು, ತುದಿಗೆ ತುದಿ ಅಂಟಿಸಿ ಬಳೆಯಂತೆ ಮಾಡಿದರೆ ಅದು ಕೊನೆಯಿಲ್ಲದೆ ಸುತ್ತುತ್ತದೆ. ಅಂಥ ಕುಣಿಕೆಗಳನ್ನು ಕಟ್ಟಡದ ಬೇರೆ ಬೇರೆ ಕೋಣೆಗಳ ಯಂತ್ರಗಳಿಗೆ ಹಾಕಿ, ಟೇಪು ಸಡಿಲವಾಗದಂತೆ ಸಿಬ್ಬಂದಿ ಪೆನ್ಸಿಲುಗಳಿಂದ ಎಳೆದು ಹಿಡಿದು ನಿಂತರು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಉಳಿದವರು ಮಿಕ್ಸರ್ ಮುಂದೆ ಕುಳಿತು ಒಂದೊಂದನ್ನೇ ಏರಿಸುತ್ತ ಇಳಿಸುತ್ತ ಹೋದರು. ಆ ಮಿಶ್ರಣವನ್ನು ಮತ್ತೆ ಅದೇ ರೀತಿ ಮಾಡಲು ಅವರಿಗೇ ಆಗುತ್ತಿರಲಿಲ್ಲ.

ಇದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲು ಡ್ರಮ್ ಬಡಿತವನ್ನು ಮಾತ್ರ ಹಿಂಬಾಲಿಸಿ. ಬದಲಾಗದೆ ಸುತ್ತುವ ತಾಳ, ಅದರ ಮೇಲೆ ತುಂಡು ತುಂಡಾಗಿ ಬಂದುಹೋಗುವ ಶಬ್ದಗಳು, ಯಂತ್ರದ ಮೂಲಕ ಹಾದು ರೂಪ ಬದಲಿಸಿದ ದನಿ. ಇವತ್ತು ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಹಾಡು ಕಟ್ಟುವ ಹುಡುಗ ಹುಡುಗಿಯರೆಲ್ಲ ಮಾಡುವುದು ಇದನ್ನೇ. ಅವರ ತೆರೆಯ ಮೇಲೆ ‘ಲೂಪ್’ ಎಂಬ ಗುಂಡಿಯಿದೆ. ದನಿಯನ್ನು ಇಮ್ಮಡಿಸುವ ಗುಂಡಿಯಿದೆ. ಆ ಎರಡನೆಯದು ಕೂಡ ಅದೇ ವರ್ಷ ಅದೇ ಕಟ್ಟಡದಲ್ಲಿ ಹುಟ್ಟಿದ ಉಪಾಯ. ಒಂದೇ ಸಾಲನ್ನು ಎರಡು ಸಲ ಹಾಡಲು ಲೆನನ್‌ಗೆ ಬೇಸರ ಎಂದು ಕೆನ್ ಟೌನ್ಸೆಂಡ್ ಎಂಬ ತಂತ್ರಜ್ಞ ಎರಡು ಟೇಪ್ ಯಂತ್ರಗಳನ್ನು ಕೂಡಿಸಿ ಅದನ್ನು ಕಂಡುಹಿಡಿದ. ಟೇಪಿನ ಕುಣಿಕೆ ಬೀಟಲ್ಸ್ ಕಂಡುಹಿಡಿದದ್ದಲ್ಲ, ಯುರೋಪಿನ ಪ್ರಯೋಗಶೀಲ ಸಂಗೀತಗಾರರು ಅದಕ್ಕೂ ಮೊದಲೇ ಬಳಸುತ್ತಿದ್ದರು. ಅದನ್ನು ಕೋಟ್ಯಂತರ ಜನರ ಮನೆಯೊಳಕ್ಕೆ ತಂದು, ಸ್ಟುಡಿಯೋ ಎಂದರೆ ಹಾಡನ್ನು ದಾಖಲಿಸುವ ಜಾಗವಲ್ಲ, ಹಾಡನ್ನು ನುಡಿಸುವ ವಾದ್ಯ ಎಂದು ಒಪ್ಪಿಸಿದವರು ಇವರು. ಅದೇ ವರ್ಷ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟಿಕೆಟ್ ಇಟ್ಟು ಕೊನೆಯ ಕಛೇರಿ ಮಾಡಿ, ಪ್ರವಾಸವನ್ನೇ ನಿಲ್ಲಿಸಿ, ಪೂರ್ತಿಯಾಗಿ ಸ್ಟುಡಿಯೋದೊಳಗೆ ಹೋದರು.

ನನ್ನ ಮಾತಿಗೆ ವಿರುದ್ಧವಾದ ಗಟ್ಟಿ ಸಾಕ್ಷ್ಯವೂ ಇದೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯ ಮತ್ತು ಇಂಪೀರಿಯಲ್ ಕಾಲೇಜಿನ ಸಂಶೋಧಕರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1960ರಿಂದ 2010ರವರೆಗೆ ಅಮೆರಿಕದ ಹಾಟ್ 100 ಎಂಬ ಜನಪ್ರಿಯ ಹಾಡುಗಳ ಪಟ್ಟಿಗೆ ಏರಿದ ಸುಮಾರು 17,000 ಹಾಡುಗಳ ತುಣುಕುಗಳನ್ನು ಕಂಪ್ಯೂಟರ್‌ನಿಂದ ಪರೀಕ್ಷಿಸಿದಾಗ ಮೂರು ದೊಡ್ಡ ತಿರುವುಗಳು ಕಂಡವು: 1964, 1983, 1991. ಮೂರರಲ್ಲಿ ಎಲ್ಲಕ್ಕಿಂತ ದೊಡ್ಡದು 1991ರದು, ಅಂದರೆ ರ್‍ಯಾಪ್ ಮತ್ತು ಹಿಪ್‌ಹಾಪ್ ಪಟ್ಟಿಯೊಳಗೆ ನುಗ್ಗಿದ ಕಾಲ. 1964ರ ತಿರುವನ್ನು ಕೂಡ ಬ್ರಿಟಿಷ್ ಬ್ಯಾಂಡುಗಳು ಹುಟ್ಟುಹಾಕಲಿಲ್ಲ. ಆಗಲೇ ಹರಿಯುತ್ತಿದ್ದ ಹೊಳೆಗೆ ಅವರು ರಭಸ ತಂದರು ಅಷ್ಟೆ ಎಂಬುದು ಸಂಶೋಧಕರ ತೀರ್ಮಾನ. ಇದನ್ನು ತಳ್ಳಿಹಾಕಲಾಗದು. ಆದರೆ ಕಂಪ್ಯೂಟರ್ ಅಳೆದದ್ದು ನಾದದ ಬಣ್ಣವನ್ನು, ಸ್ವರಗಳ ಜೋಡಣೆಯನ್ನು. ಹಾಡು ಕಟ್ಟುವವನು ಯಾವ ಕೋಣೆಯಲ್ಲಿ, ಯಾವ ರೀತಿ ಕೆಲಸ ಮಾಡುತ್ತಾನೆ ಎಂಬುದು ಆ ಅಳತೆಗೆ ಸಿಗುವುದಲ್ಲ. ಬೀಟಲ್ಸ್ ಬದಲಿಸಿದ್ದು ಮುಖ್ಯವಾಗಿ ಅದನ್ನು.

ಒಂದು ಇಡೀ ಪ್ರಕಾರಕ್ಕೆ ಒಂದೇ ಬ್ಯಾಂಡನ್ನು ಮೂಲವೆಂದು ತೋರಿಸಬಹುದಾದರೆ ಅದು ಹೆವಿ ಮೆಟಲ್‌ಗೆ ಬ್ಲ್ಯಾಕ್ ಸ್ಯಾಬತ್. ಅದರ ಗಿಟಾರ್ ವಾದಕ, ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿಗೆ ಆಗ 17 ವರ್ಷ. ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ ಯಂತ್ರ ಅವನ ಬಲಗೈಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿತು. ಅವನು ಎಡಚ. ಅಂದರೆ ಗಿಟಾರಿನ ತಂತಿ ಒತ್ತಬೇಕಾದ ಬೆರಳುಗಳೇ ಹೋದವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಟೊಪ್ಪಿಗೆ ಮಾಡಿ, ಮೇಲೆ ಚರ್ಮದ ತುಂಡು ಅಂಟಿಸಿಕೊಂಡ. ಒತ್ತಲು ಹಗುರವಾದ ತಂತಿ ಹಾಕಿದ. 1971ರ ಹೊತ್ತಿಗೆ ಶ್ರುತಿಯನ್ನೇ ಮೂರು ಅರ್ಧಸ್ವರ ಇಳಿಸಿದ. ತಂತಿ ಸಡಿಲವಾಯಿತು, ನಾದ ದಪ್ಪವಾಗಿ ಕೆಳಕ್ಕಿಳಿಯಿತು. ಹೆವಿ ಮೆಟಲ್‌ನ ‘ಹೆವಿ’ ಎಂಬುದರಲ್ಲಿ ಆ ಗಾಯದ ಪಾಲು ಇದೆ.

ಸ್ಯಾಬತ್‌ನ 1970ರ ಮೊದಲ ಆಲ್ಬಮ್ಮಿನ ಆರಂಭದ ನುಡಿಕೆಯನ್ನು ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿ ಮಧ್ಯಮ. ಕಲ್ಯಾಣಿಯಲ್ಲಿ ಮಂಗಳಕರವಾಗಿ ಕೇಳುವ ಅದೇ ಮಧ್ಯಮ ಅಲ್ಲಿ ಬೆನ್ನುಹುರಿಯಲ್ಲಿ ಚಳಿ ಹುಟ್ಟಿಸುತ್ತದೆ. ಈ ವಂಶ ಬೆಂಗಳೂರನ್ನೂ ಮುಟ್ಟಿದೆ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಮೆಟಾಲಿಕಾ. ಇಬ್ಬರೂ ಸ್ಯಾಬತ್‌ನ ಮಕ್ಕಳೇ. 1998ರಿಂದ ನುಡಿಸುತ್ತಿರುವ ಬೆಂಗಳೂರಿನ ಕ್ರಿಪ್ಟೋಸ್ ಮೊಮ್ಮಕ್ಕಳ ಸಾಲಿನದು.

ಕ್ವೀನ್ ಮತ್ತು ದಿ ಹೂ ದೊಡ್ಡ ಮೈದಾನದಲ್ಲಿ ಜನರನ್ನು ಹಿಡಿದಿಡುವ ಕಲೆ ಕಲಿಸಿದರು. ಸ್ಟೋನ್ಸ್ ಬ್ಯಾಂಡ್ ಎಂದರೆ ಹೇಗೆ ಕಾಣಬೇಕು, ಹೇಗೆ ನಿಲ್ಲಬೇಕು ಎಂಬುದನ್ನು ಕಲಿಸಿದರು. ಇಷ್ಟು ಹೇಳಿದರೆ ಅವರಿಗೆ ಅನ್ಯಾಯವಾಗಲಿಲ್ಲ ಎಂದುಕೊಂಡಿದ್ದೇನೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ಇರಲೇಬೇಕಾದ ಹೆಸರು ಜರ್ಮನಿಯ ಕ್ರಾಫ್ಟ್‌ವರ್ಕ್. ಡ್ಯುಸೆಲ್‌ಡಾರ್ಫ್‌ನಲ್ಲಿ 1970ರಲ್ಲಿ ಶುರುವಾಗಿ, ಕ್ರಮೇಣ ಗಿಟಾರು ಬಿಟ್ಟು ಪೂರ್ತಿ ಯಂತ್ರಗಳ ಕಡೆಗೆ ಹೋದ ತಂಡ. 1982ರಲ್ಲಿ ನ್ಯೂಯಾರ್ಕಿನ ಆಫ್ರಿಕಾ ಬಂಬಾಟಾ ಎಂಬ ಡಿಜೆ ಕ್ರಾಫ್ಟ್‌ವರ್ಕ್‌ನ ರಾಗವೊಂದನ್ನೂ ತಾಳವೊಂದನ್ನೂ ಎತ್ತಿಕೊಂಡು, ರೋಲ್ಯಾಂಡ್ 808 ಎಂಬ ಡ್ರಮ್ ಯಂತ್ರದ ಮೇಲೆ ಹೊಸ ಹಾಡು ಕಟ್ಟಿದ. ಹಿಪ್‌ಹಾಪ್‌ಗೆ ವಿದ್ಯುತ್ ಹರಿದದ್ದು ಅಲ್ಲಿ. ಡೆಟ್ರಾಯಿಟ್‌ನ ಕಪ್ಪು ಯುವಕರು ಅದೇ ಜರ್ಮನ್ ರೆಕಾರ್ಡುಗಳನ್ನು ಕೇಳಿ ಟೆಕ್ನೋ ಹುಟ್ಟಿಸಿದರು. ಗಣೇಶನ ಮೆರವಣಿಗೆಯಲ್ಲಿ ಎದೆಗೂಡು ನಡುಗಿಸುವ ಡಿಜೆ ಸೆಟ್ಟಿನ ಆ ಬಡಿತದ ಹಿಂದೆಯೂ ಈ ದಾರಿಯಿದೆ. ಕ್ರಾಫ್ಟ್‌ವರ್ಕ್ ತಂಡವನ್ನು ರಾಕ್ ಎಂದು ಒಪ್ಪಿದರೆ, ಇವತ್ತಿನ ಪಾಪ್ ಹಾಡಿನ ಧ್ವನಿಯ ಮಟ್ಟಿಗೆ ಅವರು ಬೀಟಲ್ಸ್‌ಗೂ ಸರಿಸಮ. ನಾನು ಒಪ್ಪುತ್ತೇನೆ.

ಕೊನೆಗೆ ಲೆಡ್ ಜೆಪ್ಲಿನ್. 1971ರ ಅವರ ನಾಲ್ಕನೆಯ ಆಲ್ಬಮ್ಮಿನ ಕೊನೆಯ ಹಾಡು, ‘ವೆನ್ ದಿ ಲೆವೀ ಬ್ರೇಕ್ಸ್’, ಒಡೆಯುವ ನದಿಕಟ್ಟೆಯ ಕುರಿತದ್ದು. ಇಂಗ್ಲೆಂಡಿನ ಹ್ಯಾಂಪ್‌ಷೈರಿನಲ್ಲಿ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡವಿದೆ, 1795ರಲ್ಲಿ ಬಡವರ ದುಡಿಮೆಮನೆಯಾಗಿ ಕಟ್ಟಿದ್ದು. ಜಾನ್ ಬಾನಮ್‌ನ ಡ್ರಮ್ಮುಗಳನ್ನು ಅದರ ಹಜಾರದಲ್ಲಿ ಇಟ್ಟರು. ಎಂಜಿನಿಯರ್ ಆ್ಯಂಡಿ ಜಾನ್ಸ್ ಮೈಕುಗಳನ್ನು ಡ್ರಮ್ಮಿನ ಹತ್ತಿರ ಇಡದೆ ಮೆಟ್ಟಿಲಿನ ಮೇಲುಗಡೆಯಿಂದ ಎರಡು ಮೈಕುಗಳನ್ನು ಇಳಿಬಿಟ್ಟ. ಕೇಳಿಸುವುದು ಬರೀ ಡ್ರಮ್ಮಲ್ಲ, ಆ ಮನೆಯೇ ಬಡಿದುಕೊಂಡಂತೆ. 1986ರಲ್ಲಿ ಬೀಸ್ಟಿ ಬಾಯ್ಸ್ ಆ ಬಡಿತವನ್ನು ಕತ್ತರಿಸಿಕೊಂಡು ತಮ್ಮ ರ್‍ಯಾಪ್‌ಗೆ ಅಡಿಪಾಯ ಮಾಡಿಕೊಂಡರು. ಆಮೇಲೆ ಅದನ್ನು ಬಳಸಿದವರಿಗೆ ಲೆಕ್ಕವಿಲ್ಲ.

ಆ ಹಾಡು ಜೆಪ್ಲಿನ್‌ದಲ್ಲ. 1927ರಲ್ಲಿ ಮಿಸಿಸಿಪ್ಪಿ ನದಿ ಕಟ್ಟೆ ಒಡೆದು ಲಕ್ಷಾಂತರ ಜನರ ಮನೆ ಮುಳುಗಿಸಿತು. ಅದರ ಮೇಲೆ ಕ್ಯಾನ್ಸಸ್ ಜೋ ಮೆಕಾಯ್ ಹಾಡಿ, ಅವನ ಹೆಂಡತಿ ಮೆಂಫಿಸ್ ಮಿನ್ನಿ ಗಿಟಾರ್ ನುಡಿಸಿ, 1929ರಲ್ಲಿ ರೆಕಾರ್ಡ್ ಮಾಡಿದ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡುಗಾರಿಕೆ) ಹಾಡು ಅದು. ಎರಡೂ ಅಂತರ್ಜಾಲದಲ್ಲಿ ಸಿಗುತ್ತವೆ. ಮೊದಲು 1929ರದನ್ನು ಕೇಳಿ. ಎರಡು ಗಿಟಾರು, ಒಂದು ದನಿ, ನಡುವೆ ಓಡುವ ಮಿನ್ನಿಯ ಬೆರಳು. ಜೆಪ್ಲಿನ್ ತಮ್ಮ ಆಲ್ಬಮ್ಮಿನಲ್ಲಿ ನಾಲ್ವರ ಹೆಸರಿನ ಜೊತೆ ಅವಳ ಹೆಸರನ್ನೂ ಹಾಕಿದರು. ಬೇರೆ ಕೆಲವು ಬ್ಲೂಸ್ ಹಾಡುಗಳಿಗೆ ಆ ಮರ್ಯಾದೆ ಸಿಗಲಿಲ್ಲ. ಬ್ಲೂಸ್ ಹಾಡು ಬರೆಯುತ್ತಿದ್ದ ವಿಲ್ಲಿ ಡಿಕ್ಸನ್ ಅದಕ್ಕಾಗಿ 1985ರಲ್ಲಿ ನ್ಯಾಯಾಲಯಕ್ಕೆ ಹೋಗಬೇಕಾಯಿತು, 1987ರಲ್ಲಿ ರಾಜಿಯಾಯಿತು. ಸ್ಟೋನ್ಸ್‌ನ ಹೆಸರೇ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ನ 1950ರ ಹಾಡಿನಿಂದ ಬಂದದ್ದು. ಹಾಗಾಗಿ ಮುಂದಿನ ಸಲ ಗೆಳೆಯರು ಸೇರಿದಾಗ ಐದು ಬ್ಯಾಂಡುಗಳ ಪಟ್ಟಿಯ ಮೇಲ್ಗಡೆ ಈ ಹೆಸರುಗಳಿಗೂ ಜಾಗ ಬಿಡಿ ಎಂದು ಕೇಳಿಕೊಳ್ಳುತ್ತೇನೆ.

ಮಿನ್ನಿ 1973ರಲ್ಲಿ ತೀರಿಕೊಂಡಳು. ಮಿಸಿಸಿಪ್ಪಿಯ ವಾಲ್ಸ್ ಎಂಬ ಊರಿನ ಚರ್ಚಿನ ಸ್ಮಶಾನದಲ್ಲಿ ಅವಳ ಹೆಸರು ಕೆತ್ತಿದ ಕಲ್ಲು ನಿಂತದ್ದು 1996ರಲ್ಲಿ. ಅದರ ಖರ್ಚು ಕೊಟ್ಟವಳು ಅವಳ ಗಿಟಾರನ್ನು ಕೇಳಿ ಬೆಳೆದ ಇನ್ನೊಬ್ಬ ಗಿಟಾರ್ ವಾದಕಿ, ಬಾನಿ ರೇಟ್.